ಹದಿನೇಳನೆಯದರ ವಾಸನೆ

ಮಣ್ಣಿನ ಬ್ಯಾಕ್ಟೀರಿಯಾಗಳಲ್ಲಿ ಔಷಧ ಹುಡುಕುವ ಆ ಲ್ಯಾಬಿನಲ್ಲಿ ಯಂತ್ರಗಳಿಗೇನೂ ಬರವಿರಲಿಲ್ಲ. ಬ್ಯಾಕ್ಟೀರಿಯಾದ ಒಂದೊಂದು ತಳಿಗೂ ಒಂದೊಂದು ನಂಬರು. ಆದರೂ ಯಾವ ಗಾಜಿನ ಪ್ಲೇಟಿನಲ್ಲಿ ಯಾವುದು ಬೆಳೆದಿದೆಯೆಂದು ಅನುಮಾನ ಬಂದರೆ ಎಲ್ಲರೂ ಓಡುತ್ತಿದ್ದದ್ದು ಮಣ್ಣಕ್ಕನ ಹತ್ತಿರ. ಇಪ್ಪತ್ತೆಂಟು ವರ್ಷದಿಂದ ಅಲ್ಲೇ ಟೆಕ್ನಿಷಿಯನ್ ಆಗಿದ್ದವಳು ಅವಳು. ಮುಚ್ಚಳವನ್ನು ಒಂದು ಚೂರು ಎತ್ತಿ, ಗಾಳಿಯನ್ನು ಕೈಯಿಂದ ಮೂಗಿನತ್ತ ಬೀಸಿಕೊಂಡು, "ಇದು ನಲವತ್ತೆರಡು. ಇದು ಆರು. ಇದ್ರಲ್ಲಿ ಬೂಷ್ಟು ಸೇರಿದೆ, ಬಿಸಾಕಿ" ಎನ್ನುತ್ತಿದ್ದಳು. ಹೊಸಬರು ಮೊದಲು ಮೂಗು ಮುರಿಯುತ್ತಿದ್ದರು. ಎರಡು ವಾರದ ಮೇಲೆ ಯಂತ್ರದ ವರದಿಯೂ ಅದನ್ನೇ ಹೇಳಿದಾಗ ಮೂಗಿನ ಮೇಲೆ ಬೆರಳಿಡುತ್ತಿದ್ದರು.

ಅಂಥ ಮೂಗು ಕಳೆದ ತಿಂಗಳ ಜ್ವರದಲ್ಲಿ ಕೈಕೊಟ್ಟಿತ್ತು.

ಲ್ಯಾಬಿನಲ್ಲಿ ಯಾರಿಗೂ ಹೇಳಿರಲಿಲ್ಲ. ಮನೆಯಲ್ಲಿ ನಾದಿನಿಯೊಬ್ಬಳಿಗೇ ಗೊತ್ತು. ಒಂದು ಭಾನುವಾರ ಅವಳ ಕೈಯಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು, ಇಪ್ಪತ್ತು ಲೋಟಗಳಲ್ಲಿ ಇಪ್ಪತ್ತು ಪದಾರ್ಥ ಇಡಿಸಿ, ಮಣ್ಣಕ್ಕ ತನ್ನನ್ನೇ ಪರೀಕ್ಷೆ ಮಾಡಿಕೊಂಡಿದ್ದಳು.

"ಸೋಪಾ?"

"ಕಾಫಿಪುಡಿ, ಅತ್ತಿಗೆ! ಇಷ್ಟು ಘಮ್ಮಂತಿದೆ!"

ಇಪ್ಪತ್ತರಲ್ಲಿ ಎರಡು ಸರಿಯಾದವು. ಅದರಲ್ಲಿ ಒಂದು ಈರುಳ್ಳಿ. ಕಣ್ಣಲ್ಲಿ ನೀರು ಬಂದು ಗೊತ್ತಾಯಿತು. ಮಣ್ಣಕ್ಕನಿಗೆ ಹೆದರಿಕೆಯಾಯಿತು, ನಿಜ. ಆದರೆ ಹೆದರಿಕೆಗಿಂತ ಒಂದು ಕೈ ಮುಂದಿದ್ದದ್ದು ಕುತೂಹಲ. ಮೂಗಿಗೆ ಹತ್ತದ ಕಾಫಿ ನೆನೆದರೆ ಮನಸ್ಸಿಗೆ ಹತ್ತುತ್ತದಲ್ಲ, ಅದು ಎಲ್ಲಿ ಕೂತಿದೆ? ಅವಳು ಅದನ್ನೂ ಒಂದು ಪುಸ್ತಕದಲ್ಲಿ ಬರೆದಿಟ್ಟಳು. ಲ್ಯಾಬಿನಲ್ಲಿ ಮಾತ್ರ, ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ, ಬಂದ ಪ್ಲೇಟನ್ನೆಲ್ಲ ಬರೀ ಕಣ್ಣಳತೆಯಲ್ಲಿ ನೋಡಿ ರಿಜಿಸ್ಟರಿಗೆ ಸಹಿ ಹಾಕುತ್ತಿದ್ದಳು.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಒಂದು ಸಂಜೆ ಅಲಮಾರಿಯ ಮೇಲಿನ ಹಲಗೆಯಲ್ಲಿ ಅಡ್ಡಲಾಗಿ ಇಟ್ಟಿದ್ದ ಸ್ಪಿರಿಟ್ ಬಾಟಲಿಯ ಮುಚ್ಚಳ ಸಡಿಲವಾಗಿತ್ತು. ಅದರ ಪಕ್ಕದಲ್ಲೇ ಮುಕ್ಕಾಲು ಗಂಟೆ ನಿಂತು ಕೆಲಸ ಮಾಡಿದರೂ ಮಣ್ಣಕ್ಕನಿಗೆ ವಾಸನೆ ಹತ್ತಲಿಲ್ಲ. ಬೆಳಗಾಗುವಷ್ಟರಲ್ಲಿ ಸ್ಪಿರಿಟ್ ತೊಟ್ಟಿಕ್ಕಿ, ಕೆಳಗಿದ್ದ ಆರು ಟ್ಯೂಬುಗಳ ಮೇಲಿನ ನಂಬರುಗಳು ಅಳಿಸಿಹೋಗಿದ್ದವು. ಆರರಲ್ಲಿ ಒಂದು ಹದಿನೇಳನೆಯದು. ಯಾವ ಔಷಧಿಗೂ ಬಗ್ಗದ ಒಂದು ರೋಗಾಣುವನ್ನು ಬಗ್ಗಿಸಿದ್ದು ಅದೊಂದೇ. ಲ್ಯಾಬಿನ ಮುಖ್ಯಸ್ಥೆ ದೊಡ್ಡ ಮೇಡಂ ಅವರ ಐದು ವರ್ಷದ ದುಡಿಮೆ. ಅದರ ಜೋಡಿ ಟ್ಯೂಬು ಹಿಂದಿನ ತಿಂಗಳು ಫ್ರೀಜರ್ ಕೆಟ್ಟಾಗಲೇ ಹಾಳಾಗಿತ್ತು.

ದೊಡ್ಡ ಮೇಡಂ ತಲೆ ಕೆಡಿಸಿಕೊಳ್ಳಲಿಲ್ಲ. "ಆರನ್ನೂ ಪ್ಲೇಟಲ್ಲಿ ಬೆಳೆಸಿ. ಔಷಧ ಬಿಡೋಕೆ ಅದಕ್ಕೆ ಹತ್ತು ದಿನ ಬೇಕು, ವಾಸನೆಗೆ ನಾಲ್ಕೇ ದಿನ ಸಾಕು. ಇಲಿ ಮೇಲೆ ಪರೀಕ್ಷೆ ಮಾಡೋ ಲ್ಯಾಬಿಗೆ ಪಾರ್ಸೆಲ್ ಹೋಗೋದು ಐದನೇ ದಿನ. ಆ ಲ್ಯಾಬಿನವರು ಒಂದೇ ಟ್ಯೂಬಿಗೆ ಆಗೋಷ್ಟು ಇಲಿಗಳನ್ನ ನಮಗೋಸ್ಕರ ಈ ವಾರ ಮಾತ್ರ ಇಟ್ಕೊಂಡಿರ್ತಾರೆ. ಮಣ್ಣಕ್ಕ ಇದ್ದಾರಲ್ಲ, ಇನ್ನೇನು ಚಿಂತೆ?"

ಆ ಮಾತು ಮಣ್ಣಕ್ಕನಿಗೆ ಬಿಸಿತುಪ್ಪವಾಯಿತು, ಉಗುಳುವಂತಿಲ್ಲ, ನುಂಗುವಂತಿಲ್ಲ. ನಾಲ್ಕು ದಿನ ದಿನವೂ ಬೆಳಗ್ಗೆ ಲೋಟಗಳನ್ನು ಮೂಸಿದಳು. ಕಾಫಿಪುಡಿ ಬಾಯಿ ಬಿಡಲಿಲ್ಲ.

ಐದನೆಯ ದಿನ ಮೇಜಿನ ಮೇಲೆ ಆರು ಪ್ಲೇಟುಗಳು. ಆರರ ಮೇಲೂ ಸುಣ್ಣದ ಪುಡಿ ಉದುರಿಸಿದ ಹಾಗೆ ಅದೇ ಬಿಳಿ. ಎದುರಿಗೆ ದೊಡ್ಡ ಮೇಡಂ ಪೆನ್ನು ಹಿಡಿದು ಕೂತಿದ್ದರು. ಮಣ್ಣಕ್ಕ ಒಂದೊಂದೇ ಮುಚ್ಚಳ ಎತ್ತಿದಳು. ನಾಲ್ಕನೆಯದರಲ್ಲಿ ಏನೋ ತಣ್ಣಗೆ ತಾಗಿದಂತಾಯಿತು. ನಾಲ್ಕು ಅಂದುಬಿಡಲೇ? ನಾಲಿಗೆಯ ತುದಿಗೆ ಬಂದಿತ್ತು. ಸರಿಹೋದರೆ ಮರ್ಯಾದೆ ಉಳಿಯುತ್ತದೆ; ತಪ್ಪಿದರೆ ಐದು ವರ್ಷ ಮಣ್ಣುಪಾಲು. ತಾಗಿದ್ದು ವಾಸನೆಯೋ ತನ್ನ ಆಸೆಯೋ?

"ಮೇಡಂ, ನಾನು ಕಣ್ಣು ಮುಚ್ಕೋತೀನಿ. ನೀವು ಪ್ಲೇಟ್ ಅದಲು ಬದಲು ಮಾಡಿ, ಹತ್ತು ಸಲ. ತಣ್ಣಗಿರೋದನ್ನ ಹೇಳ್ತೀನಿ, ಬರ್ಕೊಳ್ಳಿ."

ಮೇಡಂ ವಿಚಿತ್ರವಾಗಿ ನೋಡಿದರು, ಆದರೆ ಬರೆದುಕೊಂಡರು. ಹತ್ತರಲ್ಲಿ ಎರಡು ಸಲ ನಾಲ್ಕು ಬಂದಿತ್ತು. ದಾಳ ಉರುಳಿಸಿ ಹೇಳಿದರೂ ಅಷ್ಟು ಬರುತ್ತಿತ್ತು.

ನೀರಿಗಿಳಿದ ಮೇಲೆ ಚಳಿಯೇನು? ಮಣ್ಣಕ್ಕ ಚೀಲದಿಂದ ಒಂದು ಹಾಳೆ ತೆಗೆದು ಮುಂದಿಟ್ಟಳು. "ನನಗೆ ಒಂದು ತಿಂಗಳಿಂದ ವಾಸನೆ ಗೊತ್ತಾಗ್ತಿಲ್ಲ, ಮೇಡಂ. ಸ್ಪಿರಿಟ್ಟೂ ಗೊತ್ತಾಗ್ಲಿಲ್ಲ. ಅಷ್ಟರಲ್ಲಿ ಸಹಿ ಹಾಕಿದ್ದು ಮೂವತ್ತೊಂದು ಪ್ಲೇಟು, ನಂಬರ್ ಇದ್ರಲ್ಲಿದೆ. ಎಲ್ಲಾನೂ ಮತ್ತೆ ನೋಡಿಸ್ಬೇಕು."

ಮೇಡಂ ಮುಖ ಕೆಂಪಾಯಿತು. "ಒಂದು ತಿಂಗಳು! ಒಂದು ಮಾತು ಹೇಳೋಕಾಗ್ಲಿಲ್ವಾ?"

"ಮೂಗಿಲ್ಲ ಅಂದ್ರೆ ನನ್ನ ಯಾರು ಇಟ್ಕೋತಾರೆ ಅಂತ."

ಮೇಡಂ ಎದ್ದು ಹಳೆಯ ರಿಜಿಸ್ಟರುಗಳನ್ನು ಎಳೆದು ಹಾಕಿದರು. ಹದಿನೇಳರ ವಾಸನೆ ಹೇಗಿರುತ್ತದೆಂದು ಬರೆದಿದ್ದರೆ ಯಾರಾದರೂ ಮೂಸಬಹುದಲ್ಲ. 'ವಾಸನೆ' ಎಂಬ ಅಂಕಣದಲ್ಲಿ ಮೇಲಿನಿಂದ ಕೆಳಗೆ, ಪುಟದ ಮೇಲೆ ಪುಟ, ಮಣ್ಣಕ್ಕನ ಗುಂಡು ಅಕ್ಷರ: ಸರಿ, ಸರಿ, ಸರಿ. ಇಪ್ಪತ್ತೆಂಟು ವರ್ಷವೂ ಸರಿ. ಬರೆದವಳಿಗೆ ಹೊಳೆದಿರಲಿಲ್ಲ, ಓದಿದವರು ಕೇಳಿರಲಿಲ್ಲ.

"ಸರಿ ಅಂದ್ರೆ ಎಂಥ ವಾಸನೆ, ಮಣ್ಣಕ್ಕ?"

ಇಷ್ಟು ವರ್ಷದಲ್ಲಿ ಆ ಪ್ರಶ್ನೆ ಬಂದದ್ದು ಅದೇ ಮೊದಲು. ಮಣ್ಣಕ್ಕ ಕಣ್ಣು ಮುಚ್ಚಿದಳು. "ಹಸಿ ಬಟಾಣಿ ಸಿಪ್ಪೆ ಸುಲಿದಾಗ ಬರತ್ತಲ್ಲ, ಅದು. ಕೆಳಗಡೆ ಹಳೇ ಪುಸ್ತಕ. ನೀವೇ ಮೂಸಿ, ನಾನು ಕೇಳ್ತೀನಿ."

ಮೇಡಂ ಮೂಸಿದರು. "ಒಂದನೇದು... ಒದ್ದೆ ಬಟ್ಟೆ?"

"ಅದು ಐವತ್ತು. ಪಕ್ಕಕ್ಕಿಡಿ."

"ಎರಡು, ಪುಸ್ತಕ. ಸ್ವಲ್ಪ ಹಸಿರೂ ಇದೆ."

"ಇರಲಿ."

ಮೂರೂ ನಾಲ್ಕೂ ಬರೀ ಮಣ್ಣು. ಐದು ಮತ್ತೆ ಪುಸ್ತಕ, ಮತ್ತೆ ಹಸಿರು. ಆರು ಮೂಲಂಗಿ. ಉಳಿದದ್ದು ಎರಡು ಮತ್ತು ಐದು. ಎಷ್ಟು ಸಲ ಮೂಸಿದರೂ ಮೇಡಂಗೆ ಎರಡೂ ಒಂದೇ. ಹೊರಗೆ ಪಾರ್ಸೆಲಿನವನು ಬಂದು ನಿಂತಿದ್ದ.

ಮಣ್ಣಕ್ಕ ನೆನಪನ್ನು ಕೆದಕಿದಳು, ಕೆದಕಿದಳು. ತಟ್ಟನೆ ಹೇಳಿದಳು: "ಮುಚ್ಚಳ ಮುಚ್ಚಿ ಇಪ್ಪತ್ತು ಎಣಿಸಿ. ಹದಿನೇಳು ಮೂಗನ್ನ ಬೇಗ ಬಿಟ್ಟು ಹೋಗಲ್ಲ."

ಎರಡನೆಯದು ಎಂಟಕ್ಕೇ ಹೋಯಿತು. ಐದನೆಯದನ್ನು ಮುಚ್ಚಿ ಮೇಡಂ ಇಪ್ಪತ್ತು ಎಣಿಸಿದರು, ಮೂವತ್ತು ಎಣಿಸಿದರು. ಕಣ್ಣರಳಿಸಿ, "ಇನ್ನೂ ಇದೆ!" ಎಂದರು, ಮಗುವಿನ ಹಾಗೆ. ಪ್ಲೇಟುಗಳನ್ನು ಅದಲು ಬದಲು ಮಾಡಿಸಿಕೊಂಡು ಕಣ್ಣು ಮುಚ್ಚಿ ಹತ್ತು ಸಲ ಮೂಸಿದರು. ಹತ್ತೂ ಸಲ ಐದೇ ಬಂತು. ಐದನೆಯ ಟ್ಯೂಬು ಪಾರ್ಸೆಲಿಗೆ ಹೋಯಿತು.

ಇಲ್ಲಿ ಉಳಿಸಿಕೊಂಡ ಐದನೆಯ ಪ್ಲೇಟು ಹತ್ತನೆಯ ದಿನಕ್ಕೆ ಸುತ್ತ ಹಚ್ಚಿದ್ದ ರೋಗಾಣುವನ್ನು ಕೊಂದು ಅಗಲವಾದ ಖಾಲಿ ಉಂಗುರ ಬಿಟ್ಟಿತು; ಅದು ಹದಿನೇಳೇ. ಲ್ಯಾಬೆಲ್ಲ ಬಾಗಿ ನೋಡಿತು. ಮಣ್ಣಕ್ಕನ ಮೂವತ್ತೊಂದರಲ್ಲಿ ನಾಲ್ಕು ತಪ್ಪು ಸಿಕ್ಕವು. ಅವನ್ನು ಅವಳ ಕೈಯಲ್ಲೇ ಕೆಂಪು ಶಾಯಿಯಲ್ಲಿ ತಿದ್ದಿಸಿದರು.

ಮಧ್ಯಾಹ್ನ ಮೇಡಂ ಒಂದು ಹೊಸ ನೋಟ್‌ಬುಕ್ಕು ತಂದರು. ಮಣ್ಣಕ್ಕನಿಗೆ ಕುರ್ಚಿ ಎಳೆದು ಕೊಟ್ಟರು. "ತಲೇಲಿ ಎಷ್ಟು ವಾಸನೆ ಇದೆ?"

"ಇನ್ನೂರರ ಮೇಲಿದೆ."

"ಒಂದರಿಂದ ಶುರು ಮಾಡೋಣ. ಹೇಳಿ."

ಒಂದನೆಯ ತಳಿ ಅವಳು ಕೆಲಸಕ್ಕೆ ಸೇರಿದ ದಿನ ಮೂಸಿದ್ದು. ಮಣ್ಣಕ್ಕ ಕಣ್ಣು ಮುಚ್ಚಿದಳು. ಅಂದಿನ ಮೇಜು ಬಂತು, ಕಿಟಕಿ ಬಂತು, ಅಂದು ಉಟ್ಟ ನೀಲಿ ಸೀರೆಯೂ ಬಂತು. ವಾಸನೆ ಬರಲಿಲ್ಲ.

"ಹೋಗ್ಬಿಟ್ಟಿದೆ, ಮೇಡಂ," ಎಂದಳು.

ಮೇಡಂ ಎದ್ದು ಒಂದನೆಯ ತಳಿಯ ಪ್ಲೇಟನ್ನು ತಂದರು. ಮುಚ್ಚಳ ಎತ್ತಿ, ಮಣ್ಣಕ್ಕನ ಹಾಗೆಯೇ ಕೈಯಿಂದ ಗಾಳಿ ಬೀಸಿಕೊಂಡು, ಬಹಳ ಹೊತ್ತು ಮೂಸಿದರು.

"ಕೇಳಿಸ್ಕೊಳ್ಳಿ," ಎಂದರು. "ಬಾವಿ ಹಗ್ಗದ ವಾಸನೆ. ನೆನೆದು, ಅರ್ಧ ಒಣಗಿರತ್ತಲ್ಲ, ಹಾಗೆ."

ಮಣ್ಣಕ್ಕ ಪೆನ್ನು ತೆಗೆದುಕೊಂಡು ಬರೆದಳು.