ಚಿಕ್ಕಯ್ಯನ ಗಂಟು

ಎತ್ತಿ ನೋಡಿದಾಗ ಚಟ್ಟದ ಅಡ್ಡಬಿದಿರು ಎರಡನೇ ಸಲವೂ ಜಾರಿ ಅಂಗಳಕ್ಕೆ ಬಿತ್ತು.

"ಹ್ವಾಯ್, ಮೆಲ್ಲ! ಗಂಟೇ ನಿಲ್ತಿಲ್ಲೆ ಅಲ್ದಾ?" ಎಂದರು ಕೈಗಿಂತ ಬಾಯಿ ಮುಂದಿದ್ದ ನೆರೆಮನೆಯ ವಿಷ್ಣುಮೂರ್ತಿ.

"ಎಂತ ಮಾಡುದ್? ಕೇರಿಯ ಚಟ್ಟ ಎಲ್ಲ ಸುಬ್ಬನೇ ಕಟ್ಟಿದ್ದ್. ನಾವ್ ಯಾರೂ ಕಲ್ತದ್ದಿಲ್ಲೆ," ಎಂದು ಶಾಮರಾಯರು ಹಗ್ಗ ಹಿಡಿದು ಕೂತುಬಿಟ್ಟರು. ಒಳಗೆ ದರ್ಭೆಯ ಮೇಲೆ ಮಲಗಿದ್ದವನು ಅವರ ತಮ್ಮ ಸುಬ್ಬರಾಯನೇ.

ಸಾಸ್ತಾನದ ಆ ಕೇರಿಯಲ್ಲಿ ಯಾರ ಮನೆಯಲ್ಲಿ ಸಾವಾದರೂ ಕರೆಯುವ ಮುಂಚೆಯೇ ಅವನು ಹಗ್ಗ ಹಿಡಿದು ಬರುತ್ತಿದ್ದ. ಕಟ್ಟಿ, ಹೆಗಲು ಕೊಟ್ಟು, ಮಿಂದು ಸುಮ್ಮನೆ ಮನೆಗೆ ಹೋಗುತ್ತಿದ್ದ. ಮದುವೆಯಾಗಲಿಲ್ಲ; ದನಿಯೇರಿಸಿದ್ದನ್ನು ಯಾರೂ ಕೇಳಿಲ್ಲ. ಅಂದು ಬೆಳಿಗ್ಗೆ ದನಕ್ಕೆ ಹುಲ್ಲು ಹಾಕುತ್ತಲೇ ಪ್ರಾಣ ಬಿಟ್ಟಿದ್ದ. ಯುದ್ಧದ ದೆಸೆಯಿಂದ ಹೊಸ ಬಟ್ಟೆಗೂ ರೇಷನ್ ಚೀಟಿ ಬೇಕಾದ್ದರಿಂದ ಅವನದೇ ಒಗೆದ ಪಂಚೆ ಹೊದಿಸಿದ್ದರು.

ಹಾಲಾಡಿಯಿಂದ ಪೆಟ್ರೋಲಿನ ಬದಲು ಇದ್ದಿಲಲ್ಲಿ ಓಡುವ ಬಸ್ಸು ಹಿಡಿದು ಬಂದಿದ್ದ ಶಾಮರಾಯರ ಮಗಳು ಪದ್ಮಾಕ್ಷಿ ಜಗಲಿಯ ಕಂಬಕ್ಕೊರಗಿ ನೋಡುತ್ತಿದ್ದಳು. ಸುಡುವ ಜಾಗಕ್ಕೆ ಹೋಗಲು ತೆಂಗಿನಮರದ ಸಂಕ ದಾಟಬೇಕು, ಕೆಳಗೆ ಹೊಳೆ. ಅಲ್ಲಿ ಗಂಟು ಬಿಚ್ಚಿದರೆ?

*

ಅಮ್ಮ ಸತ್ತಾಗ ಪದ್ಮಾಕ್ಷಿಗೆ ಆರು ವರ್ಷ. ಮಾತೇ ಬಿಟ್ಟಿದ್ದ ಮಗುವಿಗೆ ಚಿಕ್ಕಯ್ಯ ಸುಬ್ಬರಾಯ ಹಲಸಿನ ಮರದಲ್ಲಿ ಉಯ್ಯಾಲೆ ಕಟ್ಟಿದ. ಮೊದಲು ತಾನೇ ಜೋತುಬಿದ್ದು ನೋಡಿ, "ಇನ್ ಹೆದ್ರುದ್ ಬ್ಯಾಡ ಮಗಾ. ಬೀಳ್ತಿಲ್ಲೆ," ಎಂದ.

"ಹ್ಯಾಂಗೆ ಕಟ್ಟಿದ್ದ್?" ಎಂದು ಅವಳು ಕೇಳಿದಳು. ಎಷ್ಟೋ ದಿನದ ಮೇಲೆ ಅವಳಾಡಿದ ಮೊದಲ ಮಾತು ಅದು. ಅವಳ ಬೆರಳು ಹಿಡಿದು ಕಲಿಸಿದ: ಎರಡು ಸುತ್ತು, ಅಡಿಯಿಂದ ಒಂದು, ಹಿಂದಕ್ಕೆಳೆದು ಬಿಗಿ. ಬೇರೆ ಯಾರೂ ಅವನನ್ನು ಏನೂ ಕೇಳಿದ್ದೇ ಇಲ್ಲ.

*

ಪದ್ಮಾಕ್ಷಿ ಅಂಗಳಕ್ಕಿಳಿದಳು. "ಅಪ್ಪಯ್ಯ, ಹಗ್ಗ ಕೊಡಿ. ನಾನ್ ಕಟ್ತೆ."

"ಹೆಣ್ಮಕ್ಳ್ ಚಟ್ಟ ಮುಟ್ಟುಕಾಗ, ಮಾರಾಯ್ತಿ!" ವಿಷ್ಣುಮೂರ್ತಿ ಅಡ್ಡ ಬಂದರು.

"ಚಿಕ್ಕಯ್ಯ ಹೊಳೆಗೆ ಬಿದ್ರೆ ಅಡ್ಡಿಲ್ಯಾ?"

ಶಾಮರಾಯರು ಮಗಳ ಮುಖ ನೋಡಿದರು. ಎದ್ದು ಹಗ್ಗ ಕೊಟ್ಟರು.

ಕಣ್ಣು ತುಂಬಿ ಅವಳಿಗೇನೂ ಕಾಣುತ್ತಿರಲಿಲ್ಲ. ಆದರೂ ಬೆರಳಿಗೆ ದಾರಿ ಗೊತ್ತಿತ್ತು. ಕೊನೆಯ ಗಂಟು ಬಿಗಿದು, "ಎತ್ತಿ ಕಾಂಬ," ಎಂದಳು.

ನಾಲ್ವರು ಖಾಲಿ ಚಟ್ಟವನ್ನು ಹೆಗಲಿಗೇರಿಸಿದರು. ಅವಳು ಕೆಳಗೆ ನಿಂತು ಅಡ್ಡಬಿದಿರನ್ನು ಎರಡೂ ಕೈಯಲ್ಲಿ ಹಿಡಿದು, ಕಾಲು ಮಡಚಿ, ಇಡೀ ಮೈಭಾರ ಬಿಟ್ಟು ಜೋತುಬಿದ್ದಳು. ಬಿದಿರು ಕಿರುಗುಟ್ಟಿತು, ಗಂಟು ಮಿಸುಕಲಿಲ್ಲ.

"ಬೀಳ್ತಿಲ್ಲೆ ಚಿಕ್ಕಯ್ಯ," ಎಂದಳು, ಒಳಗೆ ಮಲಗಿದ್ದವನಿಗೆ ಕೇಳುವಷ್ಟು ಗಟ್ಟಿಯಾಗಿ.

ಅವಳಾಗಿ ಕಾಲು ನೆಲಕ್ಕೂರುವವರೆಗೆ ನಾಲ್ವರೂ ಹೆಗಲು ಕೊಟ್ಟು ನಿಂತೇ ಇದ್ದರು.