ಐದು ಶಿಲುಬೆಯ ಕಲ್ಲು

ಹಾಲಿಗೆಂದು ಬಂದ ಸನ್ಯಾಸಿ ಅಡುಗೆಮನೆಯ ನೆಲಕ್ಕೆ ಮೊಣಕಾಲೂರಿದಾಗ ಲಿಯೊಕಾಡಿಯ ಎರಡೂ ಕೈ ರೊಟ್ಟಿಯ ಹಿಟ್ಟಿನಲ್ಲಿದ್ದವು. ಕಾಲು ಜಾರಿತೇನೋ ಎಂದುಕೊಂಡಳು. ಆತ ಹಿಟ್ಟಿನ ಮುದ್ದೆಯನ್ನು ಮೆಲ್ಲಗೆ ಸರಿಸಿ, ಅವಳು ನಾದುತ್ತಿದ್ದ ಅಗಲವಾದ ಕಲ್ಲಿನ ನಾಲ್ಕು ಮೂಲೆಗಳಲ್ಲೂ ನಡುವೆಯೂ ಕೊರೆದಿದ್ದ ಪುಟ್ಟ ಶಿಲುಬೆಗಳನ್ನು ಒಂದೊಂದಾಗಿ ಮುಟ್ಟಿದ. ಕಲ್ಲುಕುಟಿಗನ ಗುರುತು ಎಂದೇ ಅವಳು ಇಷ್ಟು ದಿನ ತಿಳಿದಿದ್ದಳು. ಮೌನವ್ರತದ ಟ್ರಾಪಿಸ್ಟ್ ಪಂಗಡದ ಆತ ಹಾಗೇ ಎದ್ದು, ಹಾಲನ್ನೂ ಮರೆತು ಹೊರಟುಹೋದ.

ನೂರ ಮೂವತ್ತು ವರ್ಷಗಳ ಹಿಂದೆ, ಕ್ರಾಂತಿಯ ಸೈನಿಕರು ವಾಲ್ನೇರ್ ಮಠಕ್ಕೆ ಬೆಂಕಿಯಿಟ್ಟು ಸನ್ಯಾಸಿಗಳನ್ನು ಅಟ್ಟಿದ್ದರು. ಆಮೇಲೆ ಊರವರು ಆ ಪಾಳುಮಠದಿಂದ ಗಾಡಿಗಟ್ಟಲೆ ಕಲ್ಲು ಹೇರಿಕೊಂಡು ಬಂದು ಮನೆ, ಕೊಟ್ಟಿಗೆ ಕಟ್ಟಿಕೊಂಡರು. ಈ ವಸಂತದಲ್ಲಿ ಅದೇ ಪಂಗಡದ ಏಳು ಜನ ಸನ್ಯಾಸಿಗಳು ಮರಳಿ ಬಂದು, ಚಾವಣಿಯಿಲ್ಲದ ಗೋಡೆಗಳ ನಡುವೆ ಹಾಡತೊಡಗಿದ್ದರು. ಹಾಲು ಕರೆಯುವಾಗ ಆ ಹಾಡು ಕೇಳಿಸಿದರೆ ಲಿಯೊಕಾಡಿಯ ಕೈ ತಾನಾಗಿಯೇ ನಿಂತುಬಿಡುತ್ತಿತ್ತು.

"ಮೊದಲು ಈ ಕಲ್ಲು ಕೇಳ್ತಾರೆ, ಆಮೇಲೆ ಕೊಟ್ಟಿಗೆ ಗೋಡೆ," ಎಂದ ಗಂಡ ಫಿರ್ಮಿನ್. "ಊರಿಗೆ ಊರೇ ಬಿಚ್ಕೊಂಡು ಹೋಗ್ಲಿ ಬಿಡು."

"ಅವನು ಮೊಣಕಾಲೂರಿದ್ದು ನೋಡಿದ್ರೆ, ಇದು ಅವರ ಬಲಿಪೀಠ ಕಣಯ್ಯಾ."

"ಮಾತಾಡದೋನು ಹೋಗಿ ಯಾರಿಗೆ ಹೇಳ್ತಾನೆ?"

"ಅವರು ಕೈಸನ್ನೇಲೇ ಹೇಳ್ಕೋತಾರೆ. ನೀನು ಬಾಯಲ್ಲಿ ಹೇಳೋದಕ್ಕಿಂತ ಚೆನ್ನಾಗಿ."

ಮಧ್ಯಾಹ್ನ, ಹೊರಗಿನವರೊಡನೆ ಮಾತಾಡುವ ಅನುಮತಿಯಿದ್ದ ಮಠದ ಹಿರಿಯರಾದ ಫಾದರ್ ಥಿಯೋಫಿಲ್ ತಾವೇ ನಡೆದು ಬಂದರು. ಕಲ್ಲಿನ ಮುಂದೆ ನಿಂತು ಶಿಲುಬೆಗಳನ್ನು ನೋಡಿದರು.

"ಇದರ ಮೇಲೆ ಏನೇನು ಮಾಡಿದೀರಿ, ತಾಯಿ?"

ಬೇಡವೆಂದು ಫಿರ್ಮಿನ್ ಕಣ್ಣಲ್ಲೇ ಸನ್ನೆ ಮಾಡಿದ. ಆದರೆ ಅವಳಿಗೆ ಸುಳ್ಳು ಬರಲಿಲ್ಲ.

"ಶನಿವಾರ ಶನಿವಾರ ರೊಟ್ಟಿಗೆ ನಾದ್ತೀವಿ, ಫಾದರ್. ಚಳಿಗಾಲದಲ್ಲಿ ಹಂದಿ ಕೊಯ್ತೀವಿ. ಮತ್ತೆ..." ಅವಳು ಸೊಂಟಕ್ಕೆ ಕಟ್ಟಿದ್ದ ಬಟ್ಟೆಗೆ ಕೈ ಒರೆಸಿಕೊಂಡಳು. "ಯುದ್ಧದ ವರ್ಷ ನನ್ನ ಮಗು ಜ್ವರದಲ್ಲಿ ಹೋಯ್ತು. ಮೈ ತೊಳೆದು ಇದರ ಮೇಲೇ ಮಲಗಿಸಿದ್ದೆ. ಬೇರೆ ಜಾಗ ಇರಲಿಲ್ಲ."

ಬೈಗುಳಕ್ಕೆ ಕಾದು ಅವಳು ತಲೆ ತಗ್ಗಿಸಿದಳು. ಮುದುಕರು ಬಾಗಿ, ಹಿಟ್ಟು ಮೆತ್ತಿದ್ದ ನಡುವಿನ ಶಿಲುಬೆಗೆ ಮುತ್ತಿಟ್ಟರು.

"ಹಾಗಿದ್ರೆ ಎತ್ಕೊಂಡು ಹೋಗೋ ಅಧಿಕಾರ ನಮಗಿಲ್ಲ," ಎಂದರು. "ಕೇಳ್ಬೇಕು. ಕೊಡ್ತೀರಾ?"

ಅವಳು ಗಂಡನ ಕಡೆ ನೋಡಿದಳು. ಫಿರ್ಮಿನ್ ಕಲ್ಲಿನ ಮೇಲಿನ ಹಿಟ್ಟನ್ನು ಅಂಗೈಯಿಂದ ಒರೆಸಿದ.

"ಗಾಡಿಗೆ ಕುದುರೆ ಕಟ್ತೀನಿ," ಎಂದು ಹೊರಗೆ ನಡೆದ.

ಭಾನುವಾರ, ಮಠದಲ್ಲಿ ಮುರಿದ ಕಂಬಗಳ ನಾಲ್ಕು ತುಂಡುಗಳ ಮೇಲೆ ಕಲ್ಲು ಕೂತಿತ್ತು. ಮೇಲೆ ಬರೀ ಆಕಾಶ. ಬಿದ್ದ ಬಾಗಿಲಿನಾಚೆ ಊರವರೆಲ್ಲ ನಿಂತಿದ್ದರು. ಏಳೂ ಜನ ಸನ್ಯಾಸಿಗಳು ಅಂಗೈ ಮೊಣಕಾಲಿಗೆ ತಾಗುವಷ್ಟು ಒಟ್ಟಿಗೆ ಬಾಗಿದಾಗ, ಗೋಡೆಯ ಹುಲ್ಲು ಅಲುಗುವುದೂ ಕೇಳಿಸುವಂತಿತ್ತು. ಲಿಯೊಕಾಡಿ ಪಕ್ಕಕ್ಕೆ ತಿರುಗಿದಳು. ಮಗುವನ್ನು ಮಣ್ಣು ಮಾಡಿದಂದಿನಿಂದ ಪೂಜೆಗೆ ಬಾರದ ಫಿರ್ಮಿನ್ ತನ್ನ ಟೋಪಿ ತೆಗೆದು, ಅದರಲ್ಲಿ ಏನೋ ತುಂಬಿದೆ, ಚೆಲ್ಲೀತು ಎಂಬಂತೆ, ಎರಡೂ ಕೈಯಲ್ಲಿ ಎದೆಯ ಹತ್ತಿರ ಹಿಡಿದುಕೊಂಡಿದ್ದ.