ಶಂಭುಲಿಂಗಪ್ಪನ ಕರಡಿಗೆ

ಗುರುಸ್ವಾಮಿ ತೆಂಗಿನ ಕಡ್ಡಿಯೊಂದನ್ನು ಶಂಭುಲಿಂಗಪ್ಪನ ಅಂಗಾಲಿಗೆ ಒತ್ತಿ ಹಿಡಿದು, ಹೆಬ್ಬೆರಳ ತುದಿಗೆ ಸರಿಯಾಗಿ ಮುರಿದ. ಇನ್ನು ಆ ಕಡ್ಡಿಯಲ್ಲೇ ಗುಂಡಿಯ ಅಳತೆ. ಸತ್ತವನ ಪಾದದಲ್ಲಿ ಒಂಬತ್ತು ಪಾದ, ಅದು ಊರಿನ ಕಟ್ಟಳೆ.

"ಹಿಮ್ಮಡಿ ನೋಡಿ, ಎಂಗ್ ಒಡದೋಗದ. ಮೂವತ್ತು ವರ್ಸ ಅರಿಸ್ನದ ಕೊಪ್ಪರಿಗೆ ಸುತ್ತಾ ತಿರುಗಿದ ಕಾಲು," ಎಂದು ಕಡ್ಡಿಯನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡ. ಆ ಮೂವತ್ತು ವರ್ಷವೂ ಅರಿಶಿನ ಬೇಯಿಸುವ ಆ ಕೊಪ್ಪರಿಗೆಯ ಇನ್ನೊಂದು ಬದಿಗೆ ನಿಂತು ಬೆಂಕಿ ಹಾಕಿದವನು ಅವನೇ. ಮನೆಯೂ ಪಕ್ಕದ್ದೇ.

ಶಂಭುಲಿಂಗಪ್ಪನನ್ನು ಉಡಿಗಾಲ ಊರಿನ ಅವನ ಮನೆಯ ಜಗಲಿಯ ಮೇಲೆ ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆಗೆ ವಿಭೂತಿ, ಕೊರಳಿಗೆ ಚೆಂಡುಹೂವಿನ ಹಾರ, ಹಾರದ ನಡುವೆ ಇಷ್ಟಲಿಂಗದ ಬೆಳ್ಳಿ ಕರಡಿಗೆ. ಬಂದವರೆಲ್ಲ ಮೊದಲು ಮುಖ ನೋಡಿ, ಆಮೇಲೆ ಕರಡಿಗೆಗೆ ಕೈ ಮುಗಿಯುತ್ತಿದ್ದರು.

"ಹೋದ ತಿಂಗ್ಳು ಆಸ್ಪತ್ರೇಲಿ, ಇಸಿಜಿ ಮಾಡ್ಬೇಕು ಎದೆ ಮೇಲಿಂದ ಕರಡಿಗೆ ತಗೀರಿ ಅಂದ್ರಂತೆ," ಎಂದು ಗುರುಸ್ವಾಮಿ ಬಂದವರಿಗೆ ಹೇಳಿದ. "ಪ್ರಾಣ ಹೋದ್ರೂ ಬುಚ್ಚಲ್ಲ ಅಂದ್ಬುಟ್ಟು ಎದ್ದು ಬಂದ್ಬುಟ್ಟ ಕಣ್ಲಾ. ಈ ಕಾಲ್ದಲ್ಲಿ ಯಾರವ್ರೆ ಅಂಥ ಭಕ್ತರು?"

ಕಂಬಕ್ಕೆ ಒರಗಿ ಕೂತಿದ್ದ ಪುಟ್ಟಬಸಮ್ಮ ಗಂಡನ ಮುಖ ನೋಡುತ್ತಿರಲಿಲ್ಲ. ಕರಡಿಗೆಯನ್ನೇ ನೋಡುತ್ತಿದ್ದಳು. ಅದರೊಳಗೆ ಲಿಂಗವಿರಲಿಲ್ಲ. ಅದು ಗೊತ್ತಿದ್ದದ್ದು ಇಬ್ಬರಿಗೆ ಮಾತ್ರ, ಅವರಲ್ಲೊಬ್ಬ ಗೋಡೆಗೆ ಒರಗಿ ಕೂತಿದ್ದ. ಸಂಜೆ ನಾಲ್ಕಕ್ಕೆ ಮಠದ ಶಿವರುದ್ರಸ್ವಾಮಿಗಳು ಬರುತ್ತಾರೆ, ಗುಂಡಿಗಿಳಿಯುತ್ತಾರೆ, ಊರಿನ ಕಣ್ಣೆದುರೇ ಕರಡಿಗೆ ತೆರೆದು ಲಿಂಗವನ್ನು ಅವನ ಎಡ ಅಂಗೈ ಮೇಲೆ ಇಡಲು ಹೋಗುತ್ತಾರೆ. ಆಗ? ಬದುಕಿದ್ದಾಗ ಒಬ್ಬರಿಂದ ಒಂದು ಮಾತು ಕೇಳದ ಮನುಷ್ಯ, ಸತ್ತ ದಿನ ಕೇಳಬೇಕಾಗುತ್ತದಲ್ಲ.

*

ಹೋದ ಆಷಾಢದಲ್ಲಿ ಮಗಳು ಕಾವ್ಯಶ್ರೀಗೆ ಮೈಸೂರಿನಲ್ಲಿ ನರ್ಸಿಂಗ್ ಸೀಟು ಸಿಕ್ಕಿತು. ಹಾಸಿಗೆ, ಟ್ರಂಕು, ಒಂದು ಡಬ್ಬ ಚಟ್ನಿಪುಡಿ ಹೊತ್ತು ಮೂವರೂ ಬೆಳಗಿನ ಮೊದಲ ಬಸ್ಸು ಹತ್ತಿದ್ದರು. ಪೂಜೆಯಾಗದೆ ನೀರೂ ಮುಟ್ಟದ ಶಂಭುಲಿಂಗಪ್ಪ ಅಂದು ಮಧ್ಯಾಹ್ನ ಎರಡರವರೆಗೆ ಖಾಲಿ ಹೊಟ್ಟೆಯಲ್ಲಿದ್ದ. ಮಗಳನ್ನು ಹಾಸ್ಟೆಲಿಗೆ ಬಿಟ್ಟು ಬರುವಾಗ, "ನಂಜನಗೂಡಲ್ಲಿ ಇಳ್ದು ಹೊಳೇಲಿ ಮಿಂದು ಪೂಜೆ ಮಾಡ್ಕಂಡು ಹೋಗನ," ಎಂದ.

ಕಪಿಲೆ ಕೆಂಪಗೆ ತುಂಬಿ ಹರಿಯುತ್ತಿದ್ದಳು. ಮಿಂದು ಮೆಟ್ಟಿಲ ಮೇಲೆ ಕೂತು ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡವನ ಕಣ್ಣಲ್ಲಿ ನೀರು ಬಂತು. ಹಾಸ್ಟೆಲಿನ ಗೇಟಿನಲ್ಲಿ ನಿಂತಿದ್ದ ಮಗಳ ನೆನಪು. ಕಣ್ಣು ಒರೆಸಲು ತೋಳೆತ್ತಿದ. ಒದ್ದೆ ಅಂಗೈ ವಾಲಿತು, ಲಿಂಗ ಹೊಳೆಗೆ ಜಾರಿತು, ಅಷ್ಟೆ. ಕತ್ತಲಾಗುವವರೆಗೆ ಎದೆಮಟ್ಟದ ನೀರಿನಲ್ಲಿ ಮುಳುಗಿ ಮುಳುಗಿ ಕೆಸರು ಬಾಚಿದ. ಪುಟ್ಟಬಸಮ್ಮ ಅವನ ಪಂಚೆಯ ಒಂದು ತುದಿ ಹಿಡಿದುಕೊಂಡು ದಡದಲ್ಲಿ ನಿಂತೇ ಇದ್ದಳು.

"ಮಠಕ್ಕೋಗಿ ಬುದ್ದಿಯವರ್ಗೆ ಏಳನ. ಇನ್ನೊಂದು ಕಟ್ತಾರೆ," ಎಂದಳು.

"ಯಾವ ಬಾಯಲ್ಲಿ ಏಳ್ಲಮ್ಮಿ?"

ಅವನು ಹಾಗಂದದ್ದಕ್ಕೆ ಕಾರಣವಿತ್ತು. ಹತ್ತು ವರ್ಷದ ಹಿಂದೆ ಹೀಗೇ ಗುರುಸ್ವಾಮಿ ಲಿಂಗ ಕಳೆದುಕೊಂಡು, ಮಠದ ಅಂಗಳದಲ್ಲಿ ತಲೆ ತಗ್ಗಿಸಿ ನಿಂತಿದ್ದಾಗ, ಇದೇ ಶಂಭುಲಿಂಗಪ್ಪ ಹತ್ತು ಜನರ ಎದುರು ಅಂದಿದ್ದ: "ಲಿಂಗ ಕಾಪಾಡ್ಕಳಕ್ಕಾಗ್ದೋನು ಹೆಂಡ್ರು ಮಕ್ಕಳ ಏನ್ಲಾ ಕಾಪಾಡೀಯೆ?" ಗುರುಸ್ವಾಮಿ ಉಪವಾಸವಿದ್ದು, ಸ್ವಾಮಿಗಳಿಂದ ಹೊಸ ಲಿಂಗ ಕಟ್ಟಿಸಿಕೊಂಡು, ಮಾರನೆಯ ದಿನವೇ ಕೊಪ್ಪರಿಗೆಗೆ ಬೆಂಕಿ ಹಾಕಲು ಬಂದಿದ್ದ. ಮರೆತನೋ, ಮರೆತಂತೆ ಇದ್ದನೋ. ಆದರೆ ಅಂದವನು ಮರೆತಿರಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

*

ಕಾವ್ಯಶ್ರೀ ಬಂದದ್ದು ಹನ್ನೊಂದರ ಬಸ್ಸಿಗೆ. ಅಪ್ಪನ ಪಾದದ ಮೇಲೆ ತಲೆಯಿಟ್ಟು ಅತ್ತಳು. ಅತ್ತು ಮುಗಿದ ಮೇಲೆ ಅಮ್ಮನ ಪಕ್ಕ ಕೂತು, ತಗ್ಗಿದ ದನಿಯಲ್ಲಿ ಕೇಳಿದಳು.

"ಎದೆ ನೋವು ಅಂತ ಎಷ್ಟು ದಿನದಿಂದ ಅಂತಿತ್ತು ಅಪ್ಪ?"

"ಸಂಕ್ರಾಂತಿಯಿಂದ."

"ಐದು ನಿಮಿಷದ ಟೆಸ್ಟು ಕಣಮ್ಮ. ಗೊತ್ತಾಗಿದ್ರೆ ಉಳೀತಿತ್ತು. ಕರಡಿಗೆ ಬಿಚ್ಚಿ ನಿನ್ನ ಕೈಗೆ ಕೊಟ್ಟಿದ್ರೆ ಏನಾಗ್ತಿತ್ತು?"

ಪುಟ್ಟಬಸಮ್ಮನಿಗೆ ಉತ್ತರ ಗೊತ್ತಿತ್ತು. ಬಿಚ್ಚಿದರೆ ಖಾಲಿ ಕರಡಿಗೆ ಯಾರ ಕಣ್ಣಿಗಾದರೂ ಬಿದ್ದೀತೆಂಬ ಭಯ ಅವನಿಗೆ. ಮಗಳ ಕೈ ಹಿಡಿದುಕೊಂಡಳು.

ಹೆಣ ಮೀಯಿಸುವಾಗ ಹೇಗಾದರೂ ಕರಡಿಗೆ ಕೈಗೆ ತೆಗೆದುಕೊಳ್ಳಬೇಕು, ತನ್ನ ಎದೆಯ ಮೇಲಿನ ಲಿಂಗವನ್ನು ಅದರೊಳಗೆ ಹಾಕಿಬಿಡಬೇಕು ಎಂದು ಬೆಳಗಿನಿಂದ ಹೊಂಚುತ್ತಿದ್ದಳು. ಹೊತ್ತು ಬಂದಾಗ ಗುರುಸ್ವಾಮಿ ಅಡ್ಡ ನಿಂತ. "ನೀನು ಕೂತ್ಕಳವ್ವ. ಇದ ನಾನು ನೋಡ್ಕತೀನಿ," ಎಂದು ಹಳೆಯ ದಾರ ಕತ್ತರಿಸಿ, ಹೊಸ ಶಿವದಾರ ಪೋಣಿಸಿ, ಮೂರು ಗಂಟು ಬಿಗಿದ. ಗೆಳೆಯನಿಗೆ ಮಾಡುವ ಕೊನೆಯ ಸೇವೆಯೆಂದು ಮನಸ್ಸಿಟ್ಟು ಬಿಗಿದ. ಪುಟ್ಟಬಸಮ್ಮ ಸೆರಗಿನೊಳಗೆ ಕೈ ಇಟ್ಟುಕೊಂಡು ನೋಡುತ್ತಲೇ ಉಳಿದಳು.

*

ಲಿಂಗ ಕಳೆದ ಮೇಲಿನ ಅಷ್ಟೂ ತಿಂಗಳು ಅವನು ಪೂಜೆ ಬಿಡಲಿಲ್ಲ. ಬಿಟ್ಟಿದ್ದರೆ ಊರಿಗೆ ಗೊತ್ತಾಗುತ್ತಿತ್ತು ಎಂದು ಮೊದಮೊದಲು ಪುಟ್ಟಬಸಮ್ಮ ಅಂದುಕೊಂಡಳು. ದಿನಾ ಬೆಳಿಗ್ಗೆ ಒಳಮನೆಯ ಬಾಗಿಲು ಮುಂದೆ ಮಾಡಿಕೊಂಡು ಕೂರುತ್ತಿದ್ದ. ಗಂಟೆಯ ಸದ್ದಾಗುತ್ತಿತ್ತು, ಊದುಬತ್ತಿ ಹೊಗೆ ಬರುತ್ತಿತ್ತು. ಖಾಲಿ ಅಂಗೈ ಮುಂದೆ ಇಟ್ಟುಕೊಂಡು ಏನು ನೋಡುತ್ತಾನೆ ಎಂದು ಅವಳು ಒಮ್ಮೆಯೂ ಇಣುಕಲಿಲ್ಲ. ಗಂಡನ ನಾಚಿಕೆಯನ್ನು ಇಣುಕಿ ನೋಡುವುದು ಅವಳ ಕೈಲಾಗುವ ಕೆಲಸವಲ್ಲ.

ಊಟ ಅರ್ಧಕ್ಕಿಳಿಯಿತು. ಆದರೂ ಅರಿಶಿನದ ಸುಗ್ಗಿ ಬಂದಾಗ ಕೊಪ್ಪರಿಗೆಯನ್ನು ಟ್ರ್ಯಾಕ್ಟರಿಗೇರಿಸಿಕೊಂಡು ಹರವೆ, ತೆರಕಣಾಂಬಿ, ಭೀಮನಬೀಡು ಎಂದು ಹೊಲದಿಂದ ಹೊಲಕ್ಕೆ ಹೊರಟ. ಗೆಡ್ಡೆ ಬೆಂದಿತೋ ಇಲ್ಲವೋ ಎಂದು ಆವಿಯ ವಾಸನೆಯಲ್ಲೇ ಹೇಳುವವನು ಈ ಸೀಮೆಯಲ್ಲಿ ಅವನೊಬ್ಬನೇ. "ಸುಗ್ಗಿ ಮುಗೀಲಿ, ಮಠಕ್ಕೆ ಹೋಗ್ಬುಟ್ಟು ಎಲ್ಲಾನೂ ಏಳ್ಬುಡ್ತೀನಿ," ಎಂದು ಒಮ್ಮೆ ತಾನಾಗಿಯೇ ಅಂದಿದ್ದ. ನಿನ್ನೆ ಭೀಮನಬೀಡಿನಲ್ಲಿ ಕಡೆಯ ಕೊಪ್ಪರಿಗೆ ಇಳಿಸಿ, ನೀರು ಕೊಡು ಎಂದವನು ನೀರು ಬರುವಷ್ಟರಲ್ಲಿ ಇರಲಿಲ್ಲ.

*

ಹೊಲದ ಬದಿಯ ಗುಂಡಿಯೊಳಗೆ, ಗೂಡಿನಂತೆ ಕೊರೆದ ಜಾಗದಲ್ಲಿ ಶಂಭುಲಿಂಗಪ್ಪನನ್ನು ಪದ್ಮಾಸನ ಹಾಕಿಸಿ ಕೂರಿಸಿದರು. ವಿಭೂತಿ ಗಟ್ಟಿ, ಬಿಲ್ವಪತ್ರೆ, ಉಪ್ಪಿನ ಮೂಟೆ ಅಂಚಿನಲ್ಲಿ ಕಾದಿದ್ದವು. ಶಿವರುದ್ರಸ್ವಾಮಿಗಳು ಮಂತ್ರ ಹೇಳುತ್ತ ಇಳಿದು, ಶವದ ಮುಂದೆ ಮಂಡಿಯೂರಿ ಕರಡಿಗೆ ತೆರೆದರು. ಮಂತ್ರ ನಿಂತಿತು.

ಅಂಚಿನಲ್ಲಿ ನಿಂತಿದ್ದ ಪುಟ್ಟಬಸಮ್ಮ ಬಗ್ಗಿ ನೋಡಿದಳು. ಕರಡಿಗೆ ಖಾಲಿಯಿರುತ್ತದೆಂದು ಅವಳು ತಿಳಿದಿದ್ದಳು. ಖಾಲಿಯಿರಲಿಲ್ಲ. ಬೇಯಿಸಿ, ಒಣಗಿಸಿ, ಉಜ್ಜಿ ನುಣುಪು ಮಾಡಿದ ಒಂದು ಗುಂಡು ಅರಿಶಿನದ ಗೆಡ್ಡೆ ಇತ್ತು. ಅದರ ಮೇಲೆ ದಿನದಿನವೂ ಹಚ್ಚಿ ಹಚ್ಚಿ ಕಟ್ಟಿಕೊಂಡ ವಿಭೂತಿಯ ಮೂರು ಗೆರೆ. ನಿನ್ನೆಯ ಒಂದು ಹೂವಿನ ಎಸಳು.

"ಏನಾಯ್ತು ಬುದ್ದಿ?" ಮೇಲಿಂದ ಯಾರೋ ಕೇಳಿದರು.

"ಏನಿಲ್ಲ," ಎಂದರು ಸ್ವಾಮಿಗಳು. ಗೆಡ್ಡೆಯನ್ನು ಮುಷ್ಟಿಯೊಳಗೆ ಮುಚ್ಚಿಕೊಂಡು ಮಂತ್ರ ಮುಂದುವರಿಸಿದರು. ಹಾಗೇ ಬಿಟ್ಟಿದ್ದರೆ ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ. ಮರ್ಯಾದೆ ಉಳಿಯಿತೆಂದು ಅವಳು ಉಸಿರು ಬಿಡಬಹುದಿತ್ತು.

ಪುಟ್ಟಬಸಮ್ಮ ಸೀರೆ ಎತ್ತಿ ಸಿಕ್ಕಿಸಿಕೊಂಡು ಗುಂಡಿಗೆ ಕಾಲಿಟ್ಟಳು.

"ಹೆಂಗಸ್ರು ಇಳೀಬಾರ್ದು ಕಣವ್ವ," ಎಂದು ಹಿಂದಿನಿಂದ ದನಿಗಳೆದ್ದವು. ಗುರುಸ್ವಾಮಿ ಒಂದು ಸಲ ಸ್ವಾಮಿಗಳ ಮುಚ್ಚಿದ ಮುಷ್ಟಿ ನೋಡಿದ, ಒಂದು ಸಲ ಅವಳ ಮುಖ ನೋಡಿದ. ಮಠದ ಅಂಗಳದಲ್ಲಿ ಒಮ್ಮೆ ನಿಂತವನಿಗೆ ಅಷ್ಟು ಸಾಕಿತ್ತು. "ಬುಡ್ರಲಾ, ಇಳೀಲಿ," ಎಂದು ತಾನೇ ಕೈ ಕೊಟ್ಟು ಇಳಿಸಿದ.

ಅವಳು ಕೊರಳಿನ ದಾರ ತೆಗೆದು, ತನ್ನ ಲಿಂಗವನ್ನು ಸ್ವಾಮಿಗಳ ಮುಂದೆ ಹಿಡಿದಳು.

"ಇದ ಮಡಗಿ ಬುದ್ದಿ. ಅವರ್ದು ನಂಜನಗೂಡು ಹೊಳೇಲದ."

"ಇದು ನಿನ್ನ ಇಷ್ಟಲಿಂಗ ತಾಯಿ. ನಿನಗೆ?"

"ನಾನು ಬದುಕಿವ್ನಿ, ನಿಮ್ಮನ್ನ ಕೇಳಿ ಈಸ್ಕತೀನಿ. ಅವ್ರು ಬದುಕಿದ್ದಾಗ್ಲೇ ಕೇಳ್ನಿಲ್ಲ. ಈಗೆಂಗ್ ಕೇಳಾರು?"

ಸ್ವಾಮಿಗಳು ಮುಷ್ಟಿಯಲ್ಲಿದ್ದ ಗೆಡ್ಡೆಯನ್ನು ಮತ್ತೆ ಕರಡಿಗೆಯೊಳಗಿಟ್ಟು ಮುಚ್ಚಿದರು. ಆಮೇಲೆ, ನೀನೇ ಇಡು ಎನ್ನುವಂತೆ ಪಕ್ಕಕ್ಕೆ ಸರಿದರು.

ಅರಿಶಿನ ಹತ್ತಿ ಎಂದೂ ಬಿಳುಪಾಗದಿದ್ದ ಆ ಎಡ ಅಂಗೈ ಮೇಲೆ ಪುಟ್ಟಬಸಮ್ಮ ಲಿಂಗ ಇಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಿಸಿದಳು. ಸೆಟೆದ ಬೆರಳುಗಳು ನಿಲ್ಲಲಿಲ್ಲ, ಬಿಟ್ಟ ಕೂಡಲೇ ಬಿಚ್ಚಿಕೊಂಡವು. ಮತ್ತೆ ಮಡಿಸಿದಳು, ಮತ್ತೆ ಬಿಚ್ಚಿಕೊಂಡವು. ಆಮೇಲೆ ಅವಳು ತನ್ನ ಎರಡೂ ಕೈಯಲ್ಲಿ ಆ ಮುಷ್ಟಿಯನ್ನು ಬಿಗಿಯಾಗಿ ಹಿಡಿದು ಅವನ ಮುಂದೆ ಕೂತಳು.

"ಹಾಕಿ," ಎಂದಳು.

ಮೇಲಿನಿಂದ ವಿಭೂತಿ ಬಿತ್ತು, ಪತ್ರೆ ಬಿತ್ತು, ಉಪ್ಪು ಬಿತ್ತು. "ಅಮ್ಮ, ಮೇಲೆ ಬಾ," ಎಂದು ಕಾವ್ಯಶ್ರೀ ಕೈ ಚಾಚಿದಳು. ಪುಟ್ಟಬಸಮ್ಮ ಏಳಲಿಲ್ಲ. ಗುರುಸ್ವಾಮಿ ಮಣ್ಣನ್ನು ಬೊಗಸೆಯಲ್ಲಿ ತುಂಬಿಕೊಂಡು, ಅವಳಿಗೆ ತಾಗದಂತೆ, ಪಕ್ಕದಿಂದ ಮೆಲ್ಲಗೆ ಸುರಿದ. ಮಣ್ಣು ಶಂಭುಲಿಂಗಪ್ಪನ ತೊಡೆ ಮುಚ್ಚಿತು, ಮಣಿಕಟ್ಟು ಮುಚ್ಚಿತು, ಅವಳ ಬೆರಳ ಸಂದಿಗೂ ಬಂತು. ಬೆರಳುಗಳನ್ನು ಇನ್ನು ಮಣ್ಣೇ ಹಿಡಿದುಕೊಂಡಿದೆ ಎಂದು ಅವಳ ಕೈಗೆ ಗೊತ್ತಾದ ಮೇಲೆ, ಪುಟ್ಟಬಸಮ್ಮ ಮೊದಲು ಬಲಗೈಯನ್ನು, ಆಮೇಲೆ ಎಡಗೈಯನ್ನು ಮೆಲ್ಲಗೆ ಹೊರಗೆಳೆದುಕೊಂಡಳು.